ದುರ್ಬಲಶಿಶುವೂ ಜನಸಮೂಹವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ಜರುಗಿದ ಧರ್ಮಸಭೆಯಲ್ಲಿ ಮಠದ ಪಾಠಶಾಲೆಯ ಪಂಡಿತರು ಮಾಡಿದ ಉಪನ್ಯಾಸ)



ಉತ್ಸವದ ಸಭೆಗಳಲ್ಲಿ ಶಾಸ್ತ್ರಾರ್ಥವನ್ನು ವಿವರಿಸುವದು ಪಾಠಶಾಲೆಯಲ್ಲಿ ಓದಿದವರ ವಾಡಿಕೆಯಾಗಿರುವದು. ಇಂದು ಆ ವಾಡಿಕೆಯನ್ನು ತುಸು ಬದಿಗಿರಿಸಿ, ತೊಟ್ಟಿಲಲ್ಲಿರುವ ಕೂಸಿನ ಮಾತನ್ನು ಎತ್ತಿಕೊಂಡಿದ್ದೇನೆ. ಇದು ಹೆಂಗಸರ ಮಾತು, ವೈದ್ಯರ ಮಾತು. ಧರ್ಮಸಭೆಯಲ್ಲಿ ಇದಕ್ಕೆ ಪ್ರಸಕ್ತಿಯೇನು? ಎಂದು ಯಾರಾದರೂ ಕೇಳಬಹುದು. ಅದಕ್ಕೆ ನನ್ನ ಉತ್ತರವು ಇಷ್ಟೇ. ಈ ಮಹೋತ್ಸವಕ್ಕೆ ಸಾವಿರಾರು ಜನ ಭಕ್ತರು ಬಂದಿರುವಿರಿ. ಬಂದವರನ್ನು ಸ್ವಾಗತಿಸುವವರು ಬಹಳ ಮಂದಿ ಇದ್ದಾರೆ; ಬರಲಾರದೆ ಉಳಿದವರನ್ನು ನೆನೆಯುವವರು ಕಡಿಮೆ. ಹಾಗೆ ಉಳಿದವರಲ್ಲಿ, ಮಡಿಲಲ್ಲಿ ದುರ್ಬಲವಾದ ಕೂಸನ್ನಿಟ್ಟುಕೊಂಡು, ಹೊರಗೆ ಹೋದರೆ ಏನಾಗುವದೋ ಎಂಬ ಭೀತಿಯಿಂದ ಕದವನ್ನು ಮುಚ್ಚಿಕೊಂಡು ಕುಳಿತಿರುವ ತಾಯಂದಿರೂ ಉಂಟು. ಅವರ ಭೀತಿಯು ಅಕಾರಣವಾದುದಲ್ಲ. ಆ ಭೀತಿಯಲ್ಲಿ ನಮ್ಮೆಲ್ಲರ ಪಾಲೂ ಇದೆ. ಅದನ್ನು ತಮ್ಮ ಮುಂದೆ ಅರಿಕೆಮಾಡುವದೇ ಈ ಉಪನ್ಯಾಸದ ಉದ್ದೇಶವು.

ಮೊದಲು, ದುರ್ಬಲಶಿಶುವೆಂದರೆ ಯಾವದು ಎಂಬದನ್ನು ವಿಚಾರಿಸೋಣ. ಗರ್ಭದಲ್ಲಿ 37 ವಾರಗಳು ತುಂಬುವದಕ್ಕೆ ಮೊದಲೇ ಹುಟ್ಟಿದ ಕೂಸನ್ನು ವೈದ್ಯರು ಅವಧಿಪೂರ್ವ ಶಿಶುವೆಂದು ಕರೆಯುತ್ತಾರೆ. ಹುಟ್ಟಿದಾಗ ಎರಡೂವರೆ ಕಿಲೋ, ಅರ್ಥಾತ್ 2500 ಗ್ರಾಮಿಗಿಂತ ಕಡಿಮೆ ತೂಗುವ ಕೂಸನ್ನು ಕಡಿಮೆ ತೂಕದ ಶಿಶುವೆನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಎಣಿಕೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಕೂಸುಗಳು ಅವಧಿಗೆ ಮೊದಲೇ ಹುಟ್ಟಿದವು. ಅಂಥ ಜನನಗಳು ಅತ್ಯಂತ ಹೆಚ್ಚಾಗಿರುವ ದೇಶವು ನಮ್ಮದೇ. ಇವಲ್ಲದೆ ತುಂಬು ದಿನಗಳಲ್ಲಿ ಹುಟ್ಟಿಯೂ ಹೃದಯದಲ್ಲಿ ದೋಷವುಳ್ಳ ಕೂಸುಗಳಿರುತ್ತವೆ. ಸಾವಿರ ಜನನಗಳಲ್ಲಿ ಎಂಟೊಂಬತ್ತು ಕೂಸುಗಳಿಗೆ ಈ ದೋಷವಿರುವದೆಂದು ತಿಳಿದುಬಂದಿದೆ. ಆದುದರಿಂದ ಇದು ಎಲ್ಲಿಯೋ ಒಂದು ಮನೆಯ ಮಾತಲ್ಲ. ನಮ್ಮ ಓಣಿಯ ಮಾತು, ನಮ್ಮ ಬೀಗರ ಮನೆಯ ಮಾತು.

ಇಂಥ ಕೂಸಿನ ಬಲಹೀನತೆಯು ಎಲ್ಲಿದೆ? ಕೇಳಿರಿ. ಗರ್ಭವಾಸದ ಕಡೆಯ ವಾರಗಳಲ್ಲಿ ಮೂರು ಮುಖ್ಯ ಕಾರ್ಯಗಳು ನಡೆಯುತ್ತವೆ. ಚರ್ಮದ ಕೆಳಗೆ ಕೊಬ್ಬು ಕೂಡಿ, ಮೈಯ ಕಾವನ್ನು ಹಿಡಿದಿಡುವ ಶಕ್ತಿಯು ಬರುವದು. ಶ್ವಾಸಕೋಶಗಳು ಹದಕ್ಕೆ ಬಂದು ಉಸಿರಾಟಕ್ಕೆ ಸಿದ್ಧವಾಗುವವು. ತಾಯಿಯ ರಕ್ತದಲ್ಲಿರುವ ರೋಗನಿರೋಧಕ ವಸ್ತುಗಳು ಹೆಚ್ಚಿನ ಪ್ರಮಾಣದಲ್ಲಿ ಕೂಸಿಗೆ ಇಳಿದುಬರುವವು. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸಿಗೆ ಈ ಮೂರು ಬುತ್ತಿಗಳೂ ಅರೆಯಾಗಿ ಉಳಿಯುತ್ತವೆ. ನಮಗೆ ಬರಿಯ ನೆಗಡಿಯಾಗಿ ಬಂದು ಹೋಗುವ ರೋಗವು ಅದಕ್ಕೆ ಉಸಿರು ಕಟ್ಟುವ ವ್ಯಾಧಿಯಾಗಿ ಪರಿಣಮಿಸುವದು ಈ ಕಾರಣದಿಂದಲೇ.

ಹಾಗಾದರೆ ಅಂಥ ಕೂಸನ್ನು ಹೊರಗೆ ತರದಿದ್ದರಾಯಿತು ಎಂದು ಕೆಲವರು ಹೇಳುವರು. ಈ ಮಾತು ಹೇಳುವದಕ್ಕೆ ಸುಲಭ, ನಡೆಸುವದಕ್ಕೆ ಅಸಾಧ್ಯ. ದುರ್ಬಲಶಿಶುವನ್ನು ಗಟ್ಟಿಮುಟ್ಟಾದ ಕೂಸಿಗಿಂತ ಹೆಚ್ಚು ಸಲ ಹೊರಗೆ ಕೊಂಡೊಯ್ಯಲೇಬೇಕಾಗುವದು. ತೂಕವನ್ನು ನೋಡಿಸಬೇಕು, ಲಸಿಕೆಗಳನ್ನು ಹಾಕಿಸಬೇಕು, ಕಿವಿ ಕಣ್ಣುಗಳ ಪರೀಕ್ಷೆಯಾಗಬೇಕು. ಇವುಗಳಲ್ಲಿ ಕಣ್ಣಿನ ಪರೀಕ್ಷೆಯಂತೂ ತಡೆಯತಕ್ಕದ್ದಲ್ಲ. 2000 ಗ್ರಾಮಿಗಿಂತ ಕಡಿಮೆ ತೂಗುವ ಅಥವಾ 34 ವಾರಗಳಿಗಿಂತ ಮೊದಲು ಹುಟ್ಟಿದ ಕೂಸಿನ ಕಣ್ಣಿನ ಒಳಪರದೆಯಲ್ಲಿ ರಕ್ತನಾಳಗಳು ವಿಕಾರವಾಗಿ ಬೆಳೆದು ದೃಷ್ಟಿಯನ್ನೇ ಕಳೆಯುವ ಸಂಭವವಿರುವದು. ಹುಟ್ಟಿದ 30 ದಿನಗಳೊಳಗೆ ಮೊದಲ ಪರೀಕ್ಷೆಯಾದರೆ ಚಿಕಿತ್ಸೆಯಿಂದ ಅದನ್ನು ಬಹುಮಟ್ಟಿಗೆ ತಡೆಯಬಹುದು; ತಡವಾದರೆ ತಡೆಯಲಾಗದು. ಇದಕ್ಕಾಗಿ ನಮ್ಮ ರಾಜ್ಯದಲ್ಲಿ 2008ರಲ್ಲಿ ಕಿಡ್‌ರಾಪ್ ಎಂಬ ಕಾರ್ಯಕ್ರಮವು ಆರಂಭವಾಗಿ, ಕಣ್ಣಿನ ಒಳಭಾಗದ ಚಿತ್ರವನ್ನು ತೆಗೆಯುವ ಯಂತ್ರವನ್ನೇ ಜಿಲ್ಲೆಯ ಆಸ್ಪತ್ರೆಗಳಿಗೆ ಒಯ್ದು ಕೂಸುಗಳನ್ನು ನೋಡುವ ಏರ್ಪಾಡಾಯಿತು. ಯಂತ್ರವು ಜಿಲ್ಲೆಯವರೆಗೆ ಬಂದರೂ ಕೂಸು ಹಳ್ಳಿಯ ಮನೆಯೊಳಗೆ ಅಡಗಿದ್ದರೆ ಪ್ರಯೋಜನವೇನು? ಬಾಣಂತಿ ಹೊಸ್ತಿಲು ದಾಟಬಾರದು, ತಿಂಗಳು ತುಂಬದ ಕೂಸಿಗೆ ಗಾಳಿ ಸೋಕಬಾರದು ಎಂದು ಹಿರಿಯರು ತಡೆದು ನಿಲ್ಲಿಸಿದ ಆ ಕೆಲವು ದಿನಗಳಿಗೆ ಕೂಸು ಜನ್ಮವೆಲ್ಲ ಕಣ್ಣಿನ ಬೆಲೆಯನ್ನು ತೆರಬೇಕಾದೀತು.

ಇನ್ನೊಂದು ಕಾರಣವೂ ಉಂಟು. ತಿಂಗಳುಗಟ್ಟಲೆ ಆಸ್ಪತ್ರೆಯ ಯಂತ್ರಗಳ ಸದ್ದನ್ನು ಕೇಳುತ್ತ, ಕೂಸಿನ ಉಸಿರನ್ನೆಣಿಸುತ್ತ ರಾತ್ರಿಗಳನ್ನು ಕಳೆದ ತಾಯಿಗೆ ಮನುಷ್ಯರ ಮುಖವೂ ಬಯಲಿನ ಬೆಳಕೂ ಬೇಕಾಗುತ್ತವೆ. ಕೂಸಿನ ಮೈಯನ್ನು ಉಳಿಸಿ ತಾಯಿಯ ಮನಸ್ಸನ್ನು ಕುಗ್ಗಿಸಿದರೆ, ಹಾಲುಣಿಸುವ ಬಳ್ಳಿಯೇ ಬಾಡಿದಂತಾಗುವದು. ಆದುದರಿಂದ ಹೊರಗೆ ಹೋಗಬೇಕೋ ಬೇಡವೋ ಎಂಬದು ಇಲ್ಲಿಯ ಪ್ರಶ್ನೆಯಲ್ಲ. ಹೋಗುವ ದಾರಿಯನ್ನು ನಿರ್ಭಯವಾಗಿ ಮಾಡುವವರು ಯಾರು ಎಂಬದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹೇಳುವದಕ್ಕೆ ಮುಂಚೆ ಇತಿಹಾಸದ ಒಂದೆರಡು ಸಂಗತಿಗಳನ್ನು ಹೇಳಬೇಕಾಗಿದೆ. 1880ರ ಸುಮಾರಿಗೆ ಪ್ಯಾರಿಸ್ ಪಟ್ಟಣದ ಸ್ತೆಫಾನ್ ತಾರ್ನ್ಯೆ ಎಂಬ ಪ್ರಸೂತಿವೈದ್ಯರು, ಕೋಳಿಯ ತತ್ತಿಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ಕಂಡು, ಅಂಥದೇ ಬೆಚ್ಚನೆಯ ಪೆಟ್ಟಿಗೆಯನ್ನು ಅವಧಿಪೂರ್ವ ಶಿಶುಗಳಿಗಾಗಿ ಮಾಡಿಸಿದರು. ಆ ಪೆಟ್ಟಿಗೆಯಿಂದ ಅನೇಕ ಕೂಸುಗಳು ಬದುಕಿದವು. ಮುಂದೆ ನಡೆದುದು ಇನ್ನೂ ಆಶ್ಚರ್ಯಕರವಾದುದು. ಮಾರ್ಟಿನ್ ಕೌನಿ ಎಂಬಾತನು ಅಮೇರಿಕೆಯ ನ್ಯೂಯಾರ್ಕಿನ ಹತ್ತಿರದ ಕೋನಿ ಐಲ್ಯಾಂಡ್ ಎಂಬ ವಿನೋದಸ್ಥಳದಲ್ಲಿ, 1903ರಿಂದ 1943ರವರೆಗೆ, ಇಂಥ ಪೆಟ್ಟಿಗೆಗಳಲ್ಲಿ ಜೀವಂತ ಕೂಸುಗಳನ್ನಿಟ್ಟು ಜನರಿಗೆ ತೋರಿಸಿದನು. ತೊಟ್ಟಿಲು ಗಾಣಗಳೂ ಮಿಠಾಯಿ ಅಂಗಡಿಗಳೂ ತುಂಬಿದ ಜಾತ್ರೆಯಂಥ ಸ್ಥಳವದು. ನೋಡುವವರು 25 ಸೆಂಟು ಕೊಟ್ಟು ಒಳಗೆ ಬರಬೇಕು. ಆ ಹಣದಿಂದಲೇ ದಾದಿಯರ ಸಂಬಳವೂ ಕೂಸುಗಳ ಆರೈಕೆಯೂ ನಡೆಯುತ್ತಿದ್ದವು. ತಾಯಿತಂದೆಗಳಿಂದ ಅವನು ಕಾಸನ್ನೂ ತೆಗೆದುಕೊಳ್ಳಲಿಲ್ಲ. ಆ ಕಾಲದಲ್ಲಿ ಅಲ್ಲಿಯ ಬಹುತೇಕ ಆಸ್ಪತ್ರೆಗಳಲ್ಲಿ ಇಂಥ ಸೌಕರ್ಯವಿರಲಿಲ್ಲವಾದುದರಿಂದ, ಬದುಕಲಾರವೆಂದು ಕೈಬಿಟ್ಟ ಸಾವಿರಾರು ಕೂಸುಗಳು ಅಲ್ಲಿ ಉಳಿದವು.

ಕೂಸನ್ನು ಪ್ರದರ್ಶನಕ್ಕಿಡುವದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ನಾನು ಎತ್ತುವದಿಲ್ಲ. ಒಂದು ಸಂಗತಿಯನ್ನು ಮಾತ್ರ ತಾವು ಗಮನಿಸಬೇಕು. ಅಷ್ಟು ಜನರು ಬಂದುಹೋದರೂ ಕೂಸಿಗೂ ಜನರಿಗೂ ನಡುವೆ ಗಾಜಿನ ಪರದೆಯೊಂದಿತ್ತು. ಜನರು ಕಣ್ಣಿನಿಂದ ಕಂಡರು, ಮರುಗಿದರು, ಹರಸಿದರು, ಕೈಯಿಂದ ಮುಟ್ಟಲಿಲ್ಲ.

ಆದರೆ ಗಾಜಿಗೂ ಒಂದು ದೋಷವುಂಟು. ಅದು ಜನರನ್ನು ತಡೆಯುವಂತೆ ತಾಯಿಯನ್ನೂ ತಡೆಯುವದು. ಬಹುಕಾಲದವರೆಗೆ ಆಸ್ಪತ್ರೆಗಳಲ್ಲಿ ತಾಯಿಯು ತನ್ನ ಕೂಸನ್ನು ಗಾಜಿನಾಚೆಯಿಂದ ನೋಡಿ ಹಿಂದಿರುಗುವ ಪದ್ಧತಿಯಿತ್ತು. 1978ರಲ್ಲಿ ದಕ್ಷಿಣ ಅಮೇರಿಕೆಯ ಕೊಲಂಬಿಯಾ ದೇಶದ ಬೊಗೊಟಾ ಪಟ್ಟಣದಲ್ಲಿ ಎಡ್ಗರ್ ರೇ ಸನಾಬ್ರಿಯಾ ಎಂಬ ವೈದ್ಯರು, ಬೆಚ್ಚನೆಯ ಪೆಟ್ಟಿಗೆಗಳು ಸಾಲದೆ ಹೋದುದರಿಂದ, ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಗಲುವಂತೆ ಕಟ್ಟಿಸಿದರು. ಇದನ್ನೇ ಕಾಂಗರೂ ತಾಯಿ ಆರೈಕೆಯೆಂದು ಕರೆಯುತ್ತಾರೆ. ಬಡತನದಿಂದ ಹುಟ್ಟಿದ ಉಪಾಯವು ಸಿರಿವಂತರ ಯಂತ್ರವನ್ನು ಮೀರಿಸಿತು. ನಮ್ಮ ದೇಶವೂ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳಲ್ಲಿ, 1000ದಿಂದ 1799 ಗ್ರಾಮುಗಳವರೆಗೆ ತೂಗುವ ಕೂಸುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹುಟ್ಟಿದ ಕೂಡಲೇ ತಾಯಿಯ ಎದೆಗೆ ಸೇರಿದ ಕೂಸುಗಳಲ್ಲಿ 28 ದಿನಗಳೊಳಗೆ ತೀರಿಕೊಂಡವು ನೂರಕ್ಕೆ 12; ಮೊದಲು ಪೆಟ್ಟಿಗೆಯಲ್ಲಿದ್ದು ಸ್ಥಿತಿಯು ಸುಧಾರಿಸಿದ ಬಳಿಕ ಎದೆಗೆ ಸೇರಿದ ಕೂಸುಗಳಲ್ಲಿ ನೂರಕ್ಕೆ 15.7. ನಮ್ಮ ಕೊಪ್ಪಳ ಜಿಲ್ಲೆಯಲ್ಲಿಯೂ ಈ ಆರೈಕೆಯನ್ನು ಊರೂರಿನ ತಾಯಂದಿರಿಗೆ ಮುಟ್ಟಿಸುವ ಪ್ರಯತ್ನವು ಕಳೆದ ದಶಕದಲ್ಲಿ ನಡೆದು, ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಅದನ್ನು ಚೆನ್ನಾಗಿ ನಡೆಸಬಲ್ಲರೆಂದು ತೋರಿಬಂದಿತು.

ಇದರಿಂದ ಸಿದ್ಧವಾದುದೇನು? ತಾಯಿಯ ಸ್ಪರ್ಶವು ಕೂಸಿಗೆ ಔಷಧವು. ಹತ್ತು ಜನರ ಸ್ಪರ್ಶವು ಅದಕ್ಕೆ ಅಪಾಯವು. ಗಾಜು ಎರಡನ್ನೂ ತಡೆಯಿತು. ಈಗ ಗಾಜು ಸರಿದು ಕೂಸು ತಾಯಿಯ ಎದೆಗೆ ಬಂದಿದೆ, ಮನೆಗೆ ಬಂದಿದೆ, ಓಣಿಗೆ ಬಂದಿದೆ. ಜನರನ್ನು ತಡೆಯುವ ಆ ಗಾಜಿನ ಕೆಲಸವನ್ನು ಇನ್ನು ಮಾಡತಕ್ಕವರು ಯಾರು? ಜನರೇ ಮಾಡಬೇಕು, ನಾವೇ ಮಾಡಬೇಕು. ನಾನು ಹೇಳತಕ್ಕ ಮಾತು ಇದೊಂದೇ. ಉಳಿದುದೆಲ್ಲ ಇದರ ವಿವರಣೆಯು.

ಇಲ್ಲಿ ಒಂದು ಶಂಕೆಯು ಹುಟ್ಟುವದು. ನಮ್ಮ ಶರಣಧರ್ಮವು ಪಂಚಸೂತಕಗಳನ್ನು ಅಲ್ಲಗಳೆದಿರುವದು. ಅವುಗಳಲ್ಲಿ ಜನನಸೂತಕವೂ ಒಂದು. ಹೆತ್ತವಳೂ ಹುಟ್ಟಿದ ಕೂಸೂ ಮೈಲಿಗೆಯೆಂಬ ಭಾವನೆಯು ನಮ್ಮಲ್ಲಿಲ್ಲ. ಹೀಗಿರುವಾಗ ಕೂಸನ್ನು ಮುಟ್ಟಬೇಡಿರಿ, ದೂರ ನಿಲ್ಲಿರಿ ಎನ್ನುವದು ಸೂತಕವನ್ನೇ ಹಿಂಬಾಗಿಲಿನಿಂದ ಒಳಗೆ ಕರೆದಂತಾಗಲಿಲ್ಲವೇ? ಆಗಲಿಲ್ಲ. ಇವೆರಡರ ಭೇದವನ್ನು ಸ್ಪಷ್ಟವಾಗಿ ತಿಳಿಯಬೇಕು. ಸೂತಕವೆನ್ನುವವನು ಕೂಸಿನಿಂದ ತನಗೆ ದೋಷವು ತಗಲುವದೆಂದು ದೂರ ಸರಿಯುತ್ತಾನೆ. ನಾನು ಹೇಳುವ ಅಂತರವು ಅದಕ್ಕೆ ನೇರವಾಗಿ ವಿರುದ್ಧವಾದುದು. ನನ್ನಿಂದ ಕೂಸಿಗೆ ಬಾಧೆಯು ತಗಲಬಾರದೆಂದು ನಾನು ಕೈಯನ್ನು ಹಿಂದಕ್ಕೆ ತೆಗೆಯುತ್ತೇನೆ. ಮೊದಲನೆಯದರಲ್ಲಿ ತಿರಸ್ಕಾರವಿದೆ, ಎರಡನೆಯದರಲ್ಲಿ ದಯೆಯಿದೆ. ಆದುದರಿಂದಲೇ ಮೈಲಿಗೆಯ ಹೆಸರಿನಿಂದ ಬಾಣಂತಿಯನ್ನು ಕತ್ತಲೆಯ ಕೋಣೆಗೆ ನೂಕುವದೂ ತಪ್ಪು. ಮೈಲಿಗೆಯಿಲ್ಲವೆಂಬ ನೆವದಿಂದ ಕಂಡವರೆಲ್ಲ ಕೂಸಿನ ಗಲ್ಲವನ್ನು ಹಿಂಡುವದೂ ತಪ್ಪು.

ಬಾಧೆಯು ತಗಲುವ ಬಗೆಯನ್ನು ಸ್ವಲ್ಪ ನೋಡೋಣ. 1847ರಲ್ಲಿ ವಿಯೆನ್ನಾ ಪಟ್ಟಣದ ದೊಡ್ಡ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು, ಹೆರಿಗೆಯ ಕೋಣೆಗೆ ಬರುವ ವೈದ್ಯರೆಲ್ಲರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ ಕೈ ತೊಳೆಯಬೇಕೆಂದು ಕಟ್ಟುಮಾಡಿದರು. ಏಪ್ರಿಲ್ ತಿಂಗಳಲ್ಲಿ ಆ ವಿಭಾಗದಲ್ಲಿ ನೂರಕ್ಕೆ 18 ಜನ ಬಾಣಂತಿಯರು ಸತ್ತಿದ್ದರು. ಜೂನ್ ತಿಂಗಳಲ್ಲಿ ಅದು ಸುಮಾರು 2ಕ್ಕೆ ಇಳಿಯಿತು. ರೋಗಾಣುವೆಂಬದು ಏನೆಂದು ಆಗ ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ. ಆದರೂ ಕೈಯೇ ರೋಗದ ವಾಹನವೆಂಬದು ಸಿದ್ಧವಾಯಿತು. ಇಂದು ನಮಗೆ ಇನ್ನೂ ಹೆಚ್ಚು ತಿಳಿದಿದೆ. ಆರ್.ಎಸ್.ವಿ. ಎಂಬ ವೈರಾಣುವು ದೊಡ್ಡವರಿಗೆ ನೆಗಡಿಯನ್ನು ತರುವದು, ಚಿಕ್ಕ ಕೂಸಿಗೆ ಶ್ವಾಸನಾಳಗಳ ಉರಿಯೂತವನ್ನು ತರುವದು. ಅದು ಬಾಗಿಲ ಹಿಡಿಕೆ, ಬಸ್ಸಿನ ಸರಳು ಮೊದಲಾದವುಗಳ ಮೇಲೆ ಕೆಲವು ತಾಸು ಉಳಿದು ಕೈಯಿಂದ ಕೈಗೆ ಸಾಗುವದು. ನಾಯಿಕೆಮ್ಮು ದೊಡ್ಡವರಲ್ಲಿ ಬರಿಯ ಒಣಕೆಮ್ಮಾಗಿದ್ದು ಕೂಸಿನಲ್ಲಿ ಉಸಿರನ್ನೇ ನಿಲ್ಲಿಸಬಲ್ಲದು. ದಡಾರದ ರೋಗಿಯು ಕೋಣೆಯಿಂದ ಹೊರಟುಹೋದ ಮೇಲೆಯೂ ಎರಡು ತಾಸಿನವರೆಗೆ ಆ ಗಾಳಿಯಲ್ಲಿ ಸೋಂಕು ಉಳಿಯಬಹುದು. ತುಟಿಯ ಮೇಲೆ ನೀರುಗುಳ್ಳೆಯೆದ್ದವರು ಕೂಸಿಗೆ ಮುತ್ತಿಟ್ಟರೆ ಆ ಮುತ್ತೇ ಪ್ರಾಣಾಪಾಯವಾಗಬಹುದು. ಇದನ್ನೆಲ್ಲ ಹೆದರಿಸುವದಕ್ಕಾಗಿ ಹೇಳುತ್ತಿಲ್ಲ. ನಮ್ಮ ಪ್ರೀತಿಯು ಯಾವ ಮಾರ್ಗದಿಂದ ಕೂಸನ್ನು ತಲುಪಬೇಕು, ಯಾವ ಮಾರ್ಗದಿಂದ ತಲುಪಬಾರದು ಎಂಬದನ್ನು ತಿಳಿಯುವದಕ್ಕಾಗಿ ಹೇಳುತ್ತಿದ್ದೇನೆ.

ಇನ್ನು ತಾಯಿತಂದೆಗಳು ಮಾಡತಕ್ಕ ಕೆಲಸಗಳು. ಮೊದಲನೆಯದಾಗಿ, ಕೂಸನ್ನು ಬಲ್ಲ ವೈದ್ಯರನ್ನು ಕೇಳಿಯೇ ಹೊರಗಣ ಪ್ರಯಾಣವನ್ನು ನಿಶ್ಚಯಿಸಬೇಕು. ಪಕ್ಕದ ಮನೆಯವರ ಕೂಸು ಮೂರನೆಯ ತಿಂಗಳಲ್ಲಿ ಜಾತ್ರೆಗೆ ಹೋಗಿತ್ತೆಂಬದು ನಮ್ಮ ಕೂಸಿಗೆ ಪ್ರಮಾಣವಲ್ಲ. ಎರಡನೆಯದಾಗಿ, ಲಸಿಕೆಗಳನ್ನು ಕಾಲಕ್ಕೆ ಸರಿಯಾಗಿ ಹಾಕಿಸಬೇಕು. ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ನಾಯಿಕೆಮ್ಮು ಮೊದಲಾದವುಗಳ ಲಸಿಕೆಯೂ, ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ ಲಸಿಕೆಯೂ ಬರುತ್ತವೆ. ಮೊದಲೇ ಹುಟ್ಟಿದ ಕೂಸಿಗೂ ಸಾಮಾನ್ಯವಾಗಿ ಹುಟ್ಟಿದ ದಿನದಿಂದಲೇ ಈ ಲೆಕ್ಕವನ್ನು ಹಿಡಿಯುತ್ತಾರೆ. ಕೂಸು ಸಣ್ಣದೆಂದು ತಾವಾಗಿಯೇ ಮುಂದೆ ಹಾಕುವದು ಸಲ್ಲದು. ಮೂರನೆಯದಾಗಿ, ಮೊದಲ ಪ್ರಯಾಣವು ಚಿಕ್ಕದಾಗಿರಲಿ. ಬೆಳಗಿನ ಎಳೆಬಿಸಿಲಿನಲ್ಲಿ ಮನೆಯ ಅಂಗಳ, ಆಮೇಲೆ ಓಣಿಯ ಕೊನೆ, ಆಮೇಲೆ ಜನವಿರಳವಾದ ಹೊತ್ತಿನಲ್ಲಿ ಗುಡಿ ಅಥವಾ ಮಠ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಬೇಕು.

ಪ್ರಯಾಣದಲ್ಲಿ ಕೂಸು ತಾಯಿಯ ಅಥವಾ ತಂದೆಯ ಎದೆಗೆ ಒರಗಿರಲಿ. ತಂದೆಯ ಎದೆಯೂ ಬೆಚ್ಚಗೇ ಇರುವದೆಂಬದನ್ನು ಗಂಡಸರು ಮರೆಯಬಾರದು. ಎದೆಗೆ ಕಟ್ಟಿದ ಕೂಸನ್ನು ಕಂಡವರು ಕಸಿದುಕೊಂಡು ಎತ್ತುವದು ಕಷ್ಟ. ಇದೂ ಒಂದು ರಕ್ಷೆಯೇ. ಕೂಸಿನ ಮುಖವು ಒಂದು ಪಕ್ಕಕ್ಕೆ ತಿರುಗಿ ಕಾಣುತ್ತಿರಬೇಕು, ಮೂಗು ಬಟ್ಟೆಯಲ್ಲಿ ಹುದುಗಬಾರದು. ದೃಷ್ಟಿಯಾದೀತೆಂದು ಮುಖದ ಮೇಲೆ ಸೆರಗನ್ನು ದಪ್ಪವಾಗಿ ಹೊದಿಸುವದು, ಕೂಸಿನ ಬಾಯಿಮೂಗುಗಳಿಗೆ ಮುಖಗವಸನ್ನು ಕಟ್ಟುವದು, ಇವೆರಡೂ ಉಸಿರಿಗೆ ಅಡ್ಡಿಯಾಗುತ್ತವೆ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸ್ಥಳವನ್ನು ಹಿಡಿಯಬೇಕು; ತುಂಬಿ ತುಳುಕುವ ಬಸ್ಸನ್ನು ಬಿಟ್ಟು ಮುಂದಿನದಕ್ಕೆ ಕಾಯುವ ಸಮಾಧಾನವಿರಬೇಕು. ಆಸ್ಪತ್ರೆಯ ಚೀಟಿಗಳು, ಔಷಧಗಳು, ಒಂದು ಜೊತೆ ಬಟ್ಟೆ, ಕೈಗೆ ಸಾಬೂನು ಚೀಲದಲ್ಲಿರಲಿ. ಕೂಸು ಹಾಲು ಕುಡಿಯದಿದ್ದರೆ, ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ, ಪಕ್ಕೆಗಳು ಒಳಕ್ಕೆ ಸೆಳೆಯುತ್ತಿದ್ದರೆ, ತುಟಿಯು ನೀಲಿಯಾದರೆ, ಮೈ ತಣ್ಣಗಾದರೆ ಅಥವಾ ಜ್ವರ ಬಂದರೆ, ಜಾತ್ರೆಯಿರಲಿ ಮದುವೆಯಿರಲಿ, ಬಿಟ್ಟು ಆಸ್ಪತ್ರೆಗೆ ಹೊರಡಬೇಕು. 2008ರಲ್ಲಿ ಆರಂಭವಾದ 108ರ ವಾಹನವು ಇಂಥ ಹೊತ್ತಿಗಾಗಿಯೇ ಇರುವದು. ಊರಿನ ಆಶಾ ಕಾರ್ಯಕರ್ತೆಯು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ಮೂರನೆಯ ದಿನದಿಂದ ನಲವತ್ತೆರಡನೆಯ ದಿನದೊಳಗೆ ಆರು ಸಲ ಮನೆಗೆ ಬಂದು ನೋಡತಕ್ಕವಳು. ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸದೆ, ಕೂಡಿಸಿ ಕೇಳಿ ತಿಳಿದುಕೊಳ್ಳಬೇಕು.

ಇಷ್ಟು ತಾಯಿತಂದೆಗಳ ಪಾಲು. ಆದರೆ ಮಹನೀಯರೇ, ಒಬ್ಬ ತಾಯಿಯು ಎಷ್ಟು ಎಚ್ಚರದಿಂದಿದ್ದರೂ, ಎದುರಿಗೆ ಬರುವ ಹತ್ತು ಕೈಗಳನ್ನು ಒಂದೇ ಕೈಯಿಂದ ತಡೆಯಲಾರಳು. ಅವಳು ಮನೆಗೆ ಬಂದ ಸೊಸೆ. ಕೈಚಾಚುವವರು ಅತ್ತೆಯ ಅಕ್ಕ, ಮಾವನ ಗೆಳೆಯ, ಊರಿನ ಹಿರಿಯ. ಮುಟ್ಟಬೇಡಿರೆಂದು ಆಕೆ ಹೇಳಿದರೆ, ಓದಿದ ಸೊಸೆಗೆ ಸೊಕ್ಕು ಬಂತು, ನಮ್ಮ ಕೈಗೆ ಕುಷ್ಠ ಹತ್ತಿದೆಯೇ? ಎಂಬ ಮಾತು ಹುಟ್ಟುವದು. ಹೇಳದಿದ್ದರೆ ಎಂಟು ದಿನಗಳ ಮೇಲೆ ಕೂಸು ಆಸ್ಪತ್ರೆಯಲ್ಲಿರುವದು. ಮದುವೆಯೊಂದರಲ್ಲಿ ನಾನು ಕಂಡ ಸಂಗತಿಯನ್ನು ಹೇಳುತ್ತೇನೆ. ಏಳು ತಿಂಗಳಿಗೆ ಹುಟ್ಟಿ ಬದುಕಿದ ಕೂಸನ್ನೆತ್ತಿಕೊಂಡು ತಾಯಿಯೊಬ್ಬಳು ಚಪ್ಪರದ ಅಂಚಿನಲ್ಲಿ ಕುಳಿತಿದ್ದಳು. ಬಂದವರೆಲ್ಲರೂ ಕೈನೀಡುತ್ತಿದ್ದರು; ಆಕೆಯು ಬಾಯಿಬಿಡಲಾರದೆ ಕೂಸನ್ನು ಇನ್ನಷ್ಟು ಒತ್ತಿ ಹಿಡಿಯುತ್ತಿದ್ದಳು. ಆಗ ಅವಳ ಅತ್ತೆಯು, ಎಂಬತ್ತರ ಹತ್ತಿರದ ಮುದುಕಿ, ಕುರ್ಚಿಯನ್ನೆಳೆದು ಸೊಸೆಯ ಮುಂದೆ ಹಾಕಿಕೊಂಡು ಕುಳಿತು, “ಯವ್ವಾ, ಕೂಸಿಗೆ ಕಣ್ಣಿಂದ ಹರಸ್ರಿ, ಕೈ ನನಗ ಕೊಡ್ರಿ” ಎಂದು ಬಂದವರ ಕೈಗಳನ್ನೆಲ್ಲ ತಾನೇ ಹಿಡಿದು ಮಾತಾಡಿಸಿ ಕಳಿಸಿದಳು. ಯಾರಿಗೂ ಬೇಸರವಾಗಲಿಲ್ಲ, ಯಾರ ಮಾನಕ್ಕೂ ಕುಂದಾಗಲಿಲ್ಲ. ಸೊಸೆಯು ಆಡಿದ್ದರೆ ಜಗಳವಾಗುತ್ತಿದ್ದ ಮಾತು ಅತ್ತೆಯ ಬಾಯಿಂದ ಬಂದುದರಿಂದ ಮರ್ಯಾದೆಯಾಯಿತು. ಮನೆಯ ಹಿರಿಯರೇ, ನಿಮ್ಮ ಅಧಿಕಾರವನ್ನು ಉಪಯೋಗಿಸತಕ್ಕ ಸ್ಥಳವು ಇದು.

ಇನ್ನು ಮಾತಿನ ವಿಷಯ. ಕೈಯಿಂದ ತಗಲುವದು ಒಂದು ಬಗೆ, ಮಾತಿನಿಂದ ತಗಲುವದು ಇನ್ನೊಂದು ಬಗೆ. ಕೆಲವು ಕೂಸುಗಳ ಮೂಗಿನಿಂದ ಹೊಟ್ಟೆಗೆ ಹಾಲು ಇಳಿಸುವ ಸಣ್ಣ ನಳಿಕೆಯಿರುವದು. ಕೆಲವಕ್ಕೆ ಆಮ್ಲಜನಕದ ನಳಿಕೆಯಿರುವದು. ಎದೆಯ ಮೇಲೆ ಶಸ್ತ್ರಕ್ರಿಯೆಯ ಗಾಯವಿರುವದು. ಬಸ್ಸಿನಲ್ಲಿ, ಸಂತೆಯಲ್ಲಿ, ಮಠದ ಪ್ರಾಂಗಣದಲ್ಲಿ ಅಂಥ ಕೂಸನ್ನು ಕಂಡರೆ ಜನರು ಸುತ್ತುಗಟ್ಟಿ ನಿಂತು, “ಏನಾಗೇದ? ಬದುಕ್ತದೇನು? ಯಾರ ವಂಶದಾಗ ಹಿಂಗಿತ್ತು?” ಎಂದು ಕೇಳುವರು. ಬಸಿರಿನಲ್ಲಿ ಗ್ರಹಣ ನೋಡಿದಳೆನ್ನುವರು. ಹಿಂದಿನ ಜನ್ಮದ ಪಾಪವೆನ್ನುವರು. ಅವಧಿಗೆ ಮೊದಲೇ ಹೆರಿಗೆಯಾಗುವದಕ್ಕೆ ಅಧಿಕ ರಕ್ತದೊತ್ತಡ, ಸೋಂಕು, ಅವಳಿಗರ್ಭ ಮೊದಲಾದ ಶಾರೀರಿಕ ಕಾರಣಗಳಿರುತ್ತವೆ. ಅನೇಕ ಸಲ ವೈದ್ಯರಿಗೂ ಕಾರಣವು ಸಿಕ್ಕುವದಿಲ್ಲ. ಗ್ರಹಣವು ಇವುಗಳಲ್ಲಿ ಒಂದಲ್ಲ. ಕಾಣದ ಪಾಪವನ್ನು ಹುಡುಕಿ ಕಾಣುವ ತಾಯಿಯ ತಲೆಗೆ ಕಟ್ಟುವದು ಪಾಂಡಿತ್ಯವೂ ಅಲ್ಲ, ಭಕ್ತಿಯೂ ಅಲ್ಲ. ಕೂಸು ನಿಮ್ಮ ಕಣ್ಣಿಗೆ ಬಿದ್ದರೆ, ಹೆಸರೇನು ತಾಯೀ? ಎಂದು ಕೇಳಿರಿ, ಕೂಸಿಗೆ ಹೆಸರೊಂದಿದೆ, ಅದು ಬರಿಯ ರೋಗವಲ್ಲ. ಕೂಡುವದಕ್ಕೆ ಸ್ಥಳ ಬೇಕೇ, ಚೀಲ ಹಿಡಿಯಲೇ, ನೀರು ತರಲೇ ಎಂದು ಕೇಳಿರಿ. ಇಷ್ಟೇ ಸಾಕು.

ಹೋಲಿಕೆಯ ಮಾತೂ ಹೀಗೆಯೇ. ನಮ್ಮ ಮೊಮ್ಮಗ ಆರನೆಯ ತಿಂಗಳಿಗೆ ಕುಳಿತ, ನಿಮ್ಮದು ಇನ್ನೂ ಕತ್ತು ನಿಲ್ಲಿಸಿಲ್ಲವೇ? ಎಂಬ ಪ್ರಶ್ನೆಯು ತಾಯಿಯ ಎದೆಯನ್ನು ಇರಿಯುವದು. ಎರಡು ತಿಂಗಳು ಮೊದಲೇ ಹುಟ್ಟಿದ ಕೂಸಿನ ಬೆಳವಣಿಗೆಯನ್ನು ನೋಡುವಾಗ ವೈದ್ಯರು ಆ ಎರಡು ತಿಂಗಳನ್ನು ಕಳೆದು ಎಣಿಸುತ್ತಾರೆ. ಎರಡು ವರ್ಷ ತುಂಬುವವರೆಗೆ ಈ ಲೆಕ್ಕವು ನಡೆಯುವದು. ಹೀಗೆ ಎಣಿಸಿದರೆ ಆ ಆರು ತಿಂಗಳ ಕೂಸು ನಾಲ್ಕು ತಿಂಗಳದು. ಅಷ್ಟಾದ ಮೇಲೂ ಹಿಂದೆ ಬೀಳುವ ಕೂಸುಗಳಿಗಾಗಿ ಸರಕಾರವು 2013ರಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವನ್ನು ತೆರೆದಿದೆ; ಹುಟ್ಟಿನಿಂದ ಹದಿನೆಂಟು ವರ್ಷಗಳವರೆಗೆ ಅದರಲ್ಲಿ ತಪಾಸಣೆಯ ಏರ್ಪಾಡಿರುವದು. ನಮ್ಮ ಹೋಲಿಕೆಯಿಂದ ಆ ಕೂಸಿಗೆ ಲಾಭವಿಲ್ಲ, ಈ ತಪಾಸಣೆಯಿಂದ ಲಾಭವಿದೆ.

ಕಡೆಗೆ ಮಠಕ್ಕೂ ಜಾತ್ರೆಗೂ ಸಂಬಂಧಿಸಿದ ನಾಲ್ಕು ಮಾತು. ಕೂಸನ್ನು ಗುರುವಿನ ಪಾದಕ್ಕೆ ಹಾಕಬೇಕೆಂಬ ಹಂಬಲವು ನಮ್ಮ ಭಕ್ತರಿಗೆ ಸಹಜವಾದುದು. ಏಳು ಮಕ್ಕಳಲ್ಲಿ ಉಳಿದುದು ಒಂದು ಎಂಬ ಕಾಲದಿಂದ ಬಂದ ಹಂಬಲವದು; ಅದನ್ನು ನಾನು ಹಗುರವಾಗಿ ಕಾಣುವದಿಲ್ಲ. ಆದರೆ ರಥೋತ್ಸವದ ದಿನವೇ ಅದಾಗಬೇಕೆಂಬ ಕಟ್ಟಳೆಯಿಲ್ಲ. ಸಂಸ್ಕಾರಗಳನ್ನು ಮನೆಯಲ್ಲಿಯೇ ಮಾಡಿಸಬಹುದು. ಕೂಸು ಬಲಿತ ಮೇಲೆ ಮಠಕ್ಕೆ ಬರಬಹುದು. ಆಶೀರ್ವಾದಕ್ಕೆ ತಿಥಿಯ ಮಿತಿಯಿಲ್ಲ. ಆರು ತಿಂಗಳು ತುಂಬುವವರೆಗೆ ಕೂಸಿಗೆ ತಾಯಿಯ ಹಾಲು, ವೈದ್ಯರು ಹೇಳಿದ ಔಷಧ, ಇವೆರಡರ ಹೊರತು ಏನೂ ಬೇಡ. ತೀರ್ಥಪ್ರಸಾದಗಳನ್ನು ತಾಯಿಯು ಸ್ವೀಕರಿಸಿದರೆ ಕೂಸು ಸ್ವೀಕರಿಸಿದಂತೆಯೇ ಭಾವಿಸಬೇಕು. ಜೇನುತುಪ್ಪವನ್ನು ನೆಕ್ಕಿಸುವ ರೂಢಿಯನ್ನಂತೂ ಒಂದು ವರ್ಷ ತುಂಬುವವರೆಗೆ ಬಿಡಲೇಬೇಕು; ಅದರಲ್ಲಿರಬಹುದಾದ ಒಂದು ಬಗೆಯ ರೋಗಬೀಜವು ಎಳೆಯ ಕೂಸಿನ ನರಗಳನ್ನು ಸೋಲಿಸುವದು. ಲೋಬಾನದ ಹೊಗೆಯು ನಮಗೆ ಸುಗಂಧ, ಅರೆಬಲಿತ ಶ್ವಾಸಕೋಶಕ್ಕೆ ವಿಷ. ಆಮ್ಲಜನಕದ ಸಿಲಿಂಡರಿನೊಡನೆ ಬಂದ ಕೂಸಿನ ಹತ್ತಿರ ಕರ್ಪೂರದಾರತಿಯನ್ನಾಗಲಿ ದೀಪವನ್ನಾಗಲಿ ತರಲೇಬಾರದು. ಕಿಡಿಯೊಂದು ಸಾಕು, ಬೆಂಕಿಯು ಹಬ್ಬುವದಕ್ಕೆ. ಸಮ್ಮಾಳ, ಕರಡಿಮಜಲು, ಮದ್ದುಗಳ ಸದ್ದಿನಿಂದಲೂ ಅಂಥ ಕೂಸನ್ನು ದೂರವಿರಿಸಬೇಕು.

ಆದುದರಿಂದ ಶ್ರೀಮಠದ ಸನ್ನಿಧಿಯಲ್ಲಿಯೂ ಭಕ್ತಮಂಡಳಿಯಲ್ಲಿಯೂ ಮೂರು ವಿಜ್ಞಾಪನೆಗಳನ್ನು ಮಾಡಿಕೊಳ್ಳುತ್ತೇನೆ. ಜಾತ್ರೆಯ ದಿನಗಳಲ್ಲಿ ಹೊಗೆಯೂ ಗದ್ದಲವೂ ಇಲ್ಲದ, ಗಾಳಿಯಾಡುವ ಒಂದು ಕೋಣೆಯನ್ನು ಎಳೆಗೂಸುಗಳ ತಾಯಂದಿರಿಗೆಂದೇ ಮೀಸಲಿಡಬೇಕು. ಅದರ ಬಾಗಿಲಲ್ಲಿ ನೀರೂ ಸಾಬೂನೂ ಇರಬೇಕು, ಒಳಗೆ ಬರುವವರು 20 ಸೆಕೆಂಡಿನಷ್ಟು ಹೊತ್ತು ಕೈಯುಜ್ಜಿ ತೊಳೆದೇ ಬರಬೇಕು. ವಾರದಲ್ಲಿ ಒಂದು ದಿನ ನಸುಕಿನ ಒಂದು ತಾಸನ್ನು ಇಂಥ ಕೂಸುಗಳ ದರ್ಶನಕ್ಕಾಗಿ ಬಿಟ್ಟುಕೊಡಬೇಕು. ಆ ಹೊತ್ತಿನಲ್ಲಿ ಕೆಮ್ಮುನೆಗಡಿಗಳುಳ್ಳವರು ಪ್ರಾಂಗಣಕ್ಕೆ ಬಾರದಿರಲಿ. ಮೂರನೆಯದು, ಪ್ರವಚನದ ಕಡೆಯಲ್ಲಿ ಸ್ವಾಮಿಗಳವರು ವರ್ಷಕ್ಕೊಮ್ಮೆಯಾದರೂ ತಮ್ಮ ಬಾಯಿಂದ ಈ ಮಾತನ್ನು ಅಪ್ಪಣೆಕೊಡಿಸಬೇಕು: ಕೂಸನ್ನು ಕಣ್ಣಿನಿಂದ ಹರಸಿರಿ, ಕೇಳದೆ ಮುಟ್ಟಬೇಡಿರಿ. ಸೊಸೆಯು ಹೇಳಲಾರದ ಮಾತನ್ನು ಅತ್ತೆಯು ಹೇಳಬಲ್ಲಳು. ಅತ್ತೆಯೂ ಹೇಳಲಾರದ ಕಡೆ ಗುರುವು ಹೇಳಬಲ್ಲನು.

ಮಹನೀಯರೇ, ಬಲವುಳ್ಳವನು ತನ್ನ ಕೈಯನ್ನು ಚಾಚುವದು ಸುಲಭ, ತಡೆದು ಹಿಡಿಯುವದು ಕಷ್ಟ. ಒಂದೂವರೆ ಕಿಲೋ ತೂಗುವ ಜೀವವೊಂದು ನಮ್ಮ ನಡುವೆ ಬಂದು, ತನ್ನ ತಾಯಿಯ ಎದೆಯ ಮೇಲಿಂದ ಈ ಲೋಕವನ್ನು ನೋಡಿ, ಕ್ಷೇಮವಾಗಿ ಮನೆಗೆ ತಿರುಗಿ ಹೋದರೆ, ಆ ದಿನ ನಾವೆಲ್ಲರೂ ಒಂದು ಕೆಲಸವನ್ನು ಮಾಡಿದಂತಾಯಿತು. ಯಾರ ಕಣ್ಣಿಗೂ ಕಾಣದ ಕೆಲಸ, ಯಾವ ಶಿಲೆಯ ಮೇಲೂ ಹೆಸರು ಕೆತ್ತಿಸದ ಕೆಲಸ. ಬರುವ ವರ್ಷದ ಜಾತ್ರೆಗೆ, ಈ ಸಲ ಬರಲಾರದೆ ಉಳಿದ ತಾಯಂದಿರು ತಮ್ಮ ಕೂಸುಗಳೊಡನೆ ನಿರ್ಭಯವಾಗಿ ಬರುವಂತಾಗಲಿ. ಅವರಿಗೆ ದಾರಿಬಿಟ್ಟು ನಿಲ್ಲುವ ಬುದ್ಧಿಯು ನಮಗುಂಟಾಗಲಿ ಎಂದು ಹಾರೈಸಿ, ನನ್ನ ಮಾತನ್ನು ಮುಗಿಸುತ್ತೇನೆ.